ಬಹುವಚನ

ಕಾರವಾರದ ಕೋರ್ಟಿನ ಮಾಳಿಗೆಯಲ್ಲಿ
ಮಧ್ಯಸ್ಥಿಕೆ ಕೋಣೆಯ ಮೇಜು ದುಂಡಗಿದೆ,
ಯಾರೂ ತುದಿಗೆ ಕೂತಂತಾಗಬಾರದೆಂದು.
ಒಂದು ಕಾಲು ಗಿಡ್ಡ. ಅದರಡಿ ಮಡಚಿಟ್ಟ ಕಾಗದ,
ಯಾರದೋ ಹಳೇ ವಾಯಿದೆ. ಆದರೂ
ನಾನು ಮೊಣಕೈ ಊರಿದರೆ ಅವನ ಕಡೆ ಏಳುತ್ತದೆ,
ಅವನು ಊರಿದರೆ ನನ್ನ ಕಡೆ.

"ಕೊಂಕಣಿ ಬೇಡ" ಎಂದರು ಮೇಡಂ ಮೊದಲ ದಿನವೇ.
"ಕನ್ನಡದಲ್ಲಿ ಹೇಳಿ. ನಿಧಾನ ಹೇಳಿ."
ಪಾಪ, ಘಟ್ಟದ ಮೇಲಿನವರಿರಬೇಕು ಅಂದುಕೊಂಡೆವು.

ಕನ್ನಡ ನಮಗೆ ಶಾಲೆಯದು,
ಇಸ್ತ್ರಿ ಹಾಕಿ ಎತ್ತಿಟ್ಟ ಅಂಗಿ.
ಅದರಲ್ಲಿ ಅರ್ಜಿ ಬರೆದಿದ್ದೇವೆ,
ಪ್ರಾಚಿಯ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಿದ್ದೇವೆ,
ಜಗಳ ಆಡಿದ್ದಿಲ್ಲ.

ಉಮಾಕಾಂತ ಗಂಟಲು ಸರಿಮಾಡಿಕೊಂಡ.
ನನ್ನತ್ತ ನೋಡದೆ, ಫ್ಯಾನಿನತ್ತ ನೋಡಿ,
"ಇವರು... ಇವರು ನನ್ನ ತಟ್ಟೆ ಬೇರೆ ಇಟ್ಟರು."

ಇವರು!
ಹದಿಮೂರು ವರ್ಷ "ಗೋ" ಎಂದು ಕೂಗಿದವನು,
ಬಾಗಿಲಿನಿಂದ, ದೋಣಿಯಿಂದ, ನಿದ್ದೆಯೊಳಗಿಂದ;
ಹೆಸರು ಹೇಳಿದ್ದು ರೇಶನ್ ಅಂಗಡಿಯಲ್ಲಿ ಮಾತ್ರ.
ಬೇರೆಯಾಗಲು ಬಂದ ದಿನ
ಸಿಕ್ಕಿತು ನನಗೆ ಬಹುವಚನ.

ನನ್ನ ಸರದಿ. ರಾತ್ರಿಯಿಡೀ ಕಟ್ಟಿಟ್ಟ ಮಾತು
ಒಂದೂ ಕನ್ನಡಕ್ಕೆ ಇಳಿಯಲಿಲ್ಲ.
ಬೈಗುಳವೆಲ್ಲ ಮೀನಮುಳ್ಳಿನ ಹಾಗೆ ನಾಲಿಗೆಯಡಿ ಉಳಿದು
ಹೊರಬಂದದ್ದು ಇಷ್ಟೇ:
"ಎಂಜಿನ್ ತರಲು ನನ್ನ ಪಾಟಲಿ ಸೊಸೈಟಿಯಲ್ಲಿಟ್ಟರು.
ಕೇಳಿದ್ದರೆ ಕೊಡುತ್ತಿದ್ದೆ. ಕೇಳಲಿಲ್ಲ."
ಅವನು ಮೊದಲ ಸಲ ಕೇಳಿಸಿಕೊಂಡವನ ಹಾಗೆ ಕೂತಿದ್ದ.
ನೂರು ಸಲ ಅಂದಿದ್ದೆ,
ಕೂಗಿ.

ಮೂರನೇ ವಾಯಿದೆಗೆ ಮೇಡಂ ಫೋನು ಗುಂಯ್‌ಗುಟ್ಟಿತು.
ಕಿಟಕಿಯತ್ತ ತಿರುಗಿ, ದನಿ ತಗ್ಗಿಸಿ,
"ಯೆತಾ ಗೋ ಆಯಿ, ಯೆತಾ. ತೂಂ ಜೇವ್."
ಅಪ್ಪಟ ನಮ್ಮದು! ಕಾಳಿ ಹೊಳೆಯ ನೀರು ಕುಡಿದ ಕೊಂಕಣಿ.
ಅಂದರೆ ಇಷ್ಟು ದಿನ
ನಾವು ಮೇಜಿನ ಈಚೆ ಗೊಣಗಿದ್ದೆಲ್ಲ...
ನಾನು ಅವನನ್ನು ನೋಡಿದೆ, ಅವನು ನನ್ನನ್ನು.
ನಗು ತಡೆಯಲು ನೀರು ಕುಡಿದ, ನೆತ್ತಿಗೇರಿತು.
ನನ್ನ ಕೈ ತನ್ನಷ್ಟಕ್ಕೇ ಅವನ ಬೆನ್ನಿಗೆ ಹೊರಟು
ಅರ್ಧದಲ್ಲಿ ನಿಂತು ವಾಪಸು ಬಂತು.
ಮೇಡಂ ಅದನ್ನು ನೋಡಿದರು. ಬರೆದುಕೊಳ್ಳಲಿಲ್ಲ.

"ಮತ್ತೆ ಒಂದಾಗುವ ವಿಚಾರ?"
ಇಲ್ಲ ಎಂದೆವು, ಇಬ್ಬರೂ, ಒಂದೇ ಉಸಿರಿಗೆ.

ಪ್ರಾಚಿ ನನ್ನಲ್ಲಿ, ರವಿವಾರ ಮಾಜಾಳಿಯಲ್ಲಿ.
ಎಂಜಿನ್ ಅವನಿಗೆ; ಪಾಟಲಿ ಬಿಡಿಸಿ ನನಗೆ.
ತಿಂಗಳಿಗೆ ನಾಲ್ಕು ಸಾವಿರ.
"ಜೂನ್, ಜುಲೈ ಬೇಡ" ಎಂದೆ.
"ದೋಣಿ ದಡಕ್ಕೆಳೆದಿರುತ್ತಾರೆ. ಎಲ್ಲಿಂದ ತರುತ್ತಾರೆ?"
"ಅವರು ಹಾಗೆ ಹೇಳಬಾರದು" ಎಂದ ಅವನು.
"ಬಂದಿನ ತಿಂಗಳೂ ಹುಡುಗಿ ಉಣ್ಣುತ್ತಾಳೆ.
ಬೈತಖೋಲಕ್ಕೆ ಐಸು ಒಡೆಯಲು ಹೋಗುತ್ತೇನೆ."
ಬೇಡ. ಕೊಡುತ್ತೇನೆ. ಬೇಡ ಅಂದೆನಲ್ಲ. ಕೊಡುತ್ತೇನೆ.
ದನಿ ಏರಿತು, ಮೇಜು ಕುಂಟಿತು,
ಮೇಡಂ ಕನ್ನಡಕ ತೆಗೆದು ಒರೆಸಿ
"ಅರ್ಧ" ಎಂದು ಬರೆದರು.

ಶೆವಂತಿ ಎಂದು ಸಹಿ ಮಾಡಿದೆ.
ಮುಂದೆ ಬರುವ ಹೆಸರು ಬರೆಯಬೇಕೋ ಬೇಡವೋ ತಿಳಿಯದೆ
ಸ್ವಲ್ಪ ಜಾಗ ಬಿಟ್ಟೆ.

ಮೆಟ್ಟಿಲ ಕೆಳಗೆ ಬಿಸಿಲು. ಅಂಕೋಲೆ ಬಸ್ಸಿಗೆ ಇನ್ನೂ ಹೊತ್ತಿತ್ತು.
ಸ್ಕೂಟರಿನ ಕಿಕ್ಕಿಗೆ ಕಾಲಿಟ್ಟು ಅವರು
(ಹೌದು, ಅವರು. ಬಾಯಿಗೆ ಅಂಟಿಕೊಂಡಿದೆ ಈಗ)
ಒಂದು ಗಳಿಗೆ ಭಾಷೆ ಹುಡುಕಿ
"ಯೆತಾ" ಎಂದರು.
"ವತಾ" ಎನ್ನುವ ಹಾಗಿಲ್ಲ ನಮ್ಮಲ್ಲಿ.
ಕನ್ನಡದಲ್ಲೂ ಅಷ್ಟೇ, ಬರುತ್ತೇನೆ ಎಂದೇ ಹೋಗಬೇಕು.
"ಗೋ" ಸೇರಿಸಲಿಲ್ಲ.
ನಾನು ಕಾದೆನೇ? ಗೊತ್ತಿಲ್ಲ.

ಅಮದಳ್ಳಿಯಲ್ಲಿ ಇಳಿದಾಗ ಪ್ರಾಚಿ ಸ್ಟಾಪಿಗೇ ಬಂದಿದ್ದಳು.
ಚೀಲ ಇಸಿದುಕೊಂಡಳು, ಏನೂ ಕೇಳಲಿಲ್ಲ.
ನಾನೇ ಹೇಳಿದೆ,
"ರವಿವಾರ ಕರೆದೊಯ್ಯಲು ಬರುತ್ತಾರೆ."

"ಯಾರು?" ಎಂದಳು.